ತ್ಯಾಗರಾಜರೋ, ದೀಕ್ಷಿತರೋ, ಶ್ಯಾಮಾಶಾಸ್ತ್ರಿಗಳೋ: ಮೊದಲು ಯಾರ ಬಳಿಗೆ ಹೋಗಬೇಕು?

ಕರ್ನಾಟಕ ಸಂಗೀತವನ್ನು ಅಲ್ಲೊಂದು ಇಲ್ಲೊಂದು ಕೇಳುತ್ತ ಬಂದವರಿಗೆ ಒಂದು ದಿನ ಇನ್ನಷ್ಟು ಕ್ರಮವಾಗಿ ಕೇಳಬೇಕು, ಸಾಧ್ಯವಾದರೆ ಕಲಿಯಬೇಕು ಎನಿಸುತ್ತದೆ. ಆಗ ಯಾರಿಂದ ಆರಂಭಿಸುವುದು ಎಂಬ ಪ್ರಶ್ನೆ ಏಳುತ್ತದೆ. ‘ತ್ರಿಮೂರ್ತಿಗಳಿಂದ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಆ ಮೂವರು ಮೂರು ದಿಕ್ಕಿನವರು. ಮೂವರೂ ತಿರುವಾರೂರಿನಲ್ಲಿಯೇ ಹುಟ್ಟಿದವರು: ಶ್ಯಾಮಾಶಾಸ್ತ್ರಿಗಳು 1762ರಲ್ಲಿ, ತ್ಯಾಗರಾಜರು 1767ರಲ್ಲಿ, ಮುತ್ತುಸ್ವಾಮಿ ದೀಕ್ಷಿತರು 1775ರಲ್ಲಿ. ಊರು ಒಂದೇ, ಕಾಲ ಒಂದೇ, ಕೈಗೆ ಸಿಕ್ಕ ರಾಗಸಂಪತ್ತೂ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಒಬ್ಬರ ಕೃತಿಯನ್ನು ಇನ್ನೊಬ್ಬರದೆಂದು ಪಳಗಿದ ಕಿವಿ ತಪ್ಪು ತಿಳಿಯುವುದು ಅಪರೂಪ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂವರನ್ನೂ ಒಟ್ಟಿಗೆ ಹಿಡಿಯಲು ಹೊರಡಬೇಡಿ. ಒಬ್ಬರನ್ನು ಆರಿಸಿಕೊಂಡು ಕೆಲವು ತಿಂಗಳು ಅವರ ಕೃತಿಗಳ ನಡುವೆಯೇ ಇರಿ. ಆರಿಸುವಾಗ ಯಾರು ದೊಡ್ಡವರು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅವರು ಹಾಡನ್ನು ಹೇಗೆ ಕಟ್ಟುತ್ತಾರೆ, ಆ ಕಟ್ಟುವಿಕೆ ನಿಮ್ಮ ಕಿವಿಗೂ ಕಂಠಕ್ಕೂ ನಿಮಗಿರುವ ಬಿಡುವಿಗೂ ಒಗ್ಗುತ್ತದೆಯೇ ಎಂದು ನೋಡಿ.

ಈ ಮೂವರ ಬಗ್ಗೆ ಹಿಂದಿನಿಂದಲೂ ಬಂದಿರುವ ಹೋಲಿಕೆಯೊಂದಿದೆ. ತ್ಯಾಗರಾಜರದು ದ್ರಾಕ್ಷಾಪಾಕ, ಬಾಯಿಗಿಟ್ಟೊಡನೆ ಸವಿ. ಶ್ಯಾಮಾಶಾಸ್ತ್ರಿಗಳದು ಕದಳೀಪಾಕ, ಸಿಪ್ಪೆ ಸುಲಿಯುವಷ್ಟು ಶ್ರಮ ಬೇಕು. ದೀಕ್ಷಿತರದು ನಾರಿಕೇಳಪಾಕ, ಒಡೆದರೆ ಮಾತ್ರ ತಿರುಳು. ಮಾತು ಸೊಗಸಾಗಿದೆ, ಆದರೆ ಮಾರ್ಗದರ್ಶಿಯಾಗಿ ಅದನ್ನು ನಾನು ಒಪ್ಪುವುದಿಲ್ಲ. ಅದನ್ನು ನಂಬಿ ದೀಕ್ಷಿತರನ್ನು ‘ಮುಂದೆ ನೋಡೋಣ’ ಎಂದು ಬದಿಗಿಟ್ಟವರು ಅನೇಕರು. ತ್ಯಾಗರಾಜರು ಸುಲಭವೆಂದು ನಂಬಿ ನೇರವಾಗಿ ಪಂಚರತ್ನ ಕೃತಿಗಳಿಗೆ ಕೈಹಾಕಿ ಸೋತವರೂ ಕಡಿಮೆಯಿಲ್ಲ.

ತ್ಯಾಗರಾಜರು: ಮನಸ್ಸು ಬದಲಾದಂತೆ ಬದಲಾಗುವ ಸಂಗೀತ

ತ್ಯಾಗರಾಜರು ಬಾಳಿನ ಬಹುಭಾಗವನ್ನು ಕಾವೇರಿ ತೀರದ ತಿರುವೈಯಾರಿನಲ್ಲಿ ಕಳೆದರು. ಉಂಛವೃತ್ತಿಯೇ, ಅಂದರೆ ಹಾಡುತ್ತ ಬೀದಿಯಲ್ಲಿ ಹೋಗಿ ಭಿಕ್ಷೆ ಪಡೆಯುವುದೇ, ಜೀವನ. ತಂಜಾವೂರಿನ ಅರಮನೆಯ ಕರೆ ಬಂದಾಗ ಒಲ್ಲೆನೆಂದರು, ಆ ಸಂದರ್ಭದಲ್ಲಿಯೇ ಕಲ್ಯಾಣಿಯ ‘ನಿಧಿ ಚಾಲ ಸುಖಮಾ’ ಹುಟ್ಟಿತು ಎಂದು ಸಂಪ್ರದಾಯ ಹೇಳುತ್ತದೆ. 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ, ಅಲ್ಲಿಯೇ ದೇಹ ಬಿಟ್ಟರು. ಇಂದಿಗೆ ಉಳಿದಿರುವ ಅವರ ರಚನೆಗಳು ಸುಮಾರು ಏಳುನೂರು. ಹೆಚ್ಚಿನವು ತೆಲುಗಿನಲ್ಲಿ, ಕೆಲವು ಸಂಸ್ಕೃತದಲ್ಲಿ.

ಅವರ ಕೃತಿಗಳಲ್ಲಿ ರಾಮ ದೂರದ ದೇವರಲ್ಲ. ಎದುರಿಗೆ ಕುಳಿತವನೊಡನೆ ಆಡುವ ಮಾತು ಅದು: ಬೇಡುತ್ತಾರೆ, ಗದರುತ್ತಾರೆ, ಮುನಿಸಿಕೊಳ್ಳುತ್ತಾರೆ, ಕೆಲವೊಮ್ಮೆ ತಮ್ಮ ಮನಸ್ಸನ್ನೇ ಕರೆದು ಬುದ್ಧಿ ಹೇಳುತ್ತಾರೆ. ಆ ಮಾತಿಗೆ ತಕ್ಕ ಸಂಗೀತದ ಉಪಾಯವೇ ಸಂಗತಿ. ಸಾಹಿತ್ಯದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಪ್ರತಿ ಸಲವೂ ಸ್ವರಗಳ ಹೆಣಿಗೆ ಒಂದಿಷ್ಟು ಬೆಳೆಯುತ್ತದೆ. ಖರಹರಪ್ರಿಯದ ‘ಚಕ್ಕನಿ ರಾಜ ಮಾರ್ಗಮು’ ಕೇಳಿ. ಸೊಗಸಾದ ರಾಜಮಾರ್ಗವಿರುವಾಗ ಸಂದುಗಳಲ್ಲಿ ನುಗ್ಗುವುದೇಕೆ, ಓ ಮನಸೇ ಎಂಬುದು ಪಲ್ಲವಿ. ಮೊದಲ ಸಲ ಅದು ಸರಳವಾದ ಪ್ರಶ್ನೆಯಂತೆ ಬರುತ್ತದೆ. ಎರಡನೆಯ ಮೂರನೆಯ ಸಂಗತಿಗೆ ಸಾಲು ಅಗಲವಾಗುತ್ತದೆ, ಇನ್ನೂ ಮುಂದೆ ಹೋದಂತೆ ಮೇಲಿನ ಸ್ವರಗಳನ್ನು ಮುಟ್ಟಿ ಬರುತ್ತದೆ. ಮಾತು ಬದಲಾಗಲೇ ಇಲ್ಲ, ಆದರೆ ಪ್ರಶ್ನೆಯ ಒತ್ತಾಯ ಹೆಚ್ಚಿದೆ. ಖರಹರಪ್ರಿಯವನ್ನು ದೊಡ್ಡ ರಾಗವನ್ನಾಗಿ ಮಾಡಿದ್ದು ಇಂಥ ಕೃತಿಗಳೇ. ಉಳಿದಿಬ್ಬರು ಆ ರಾಗದಲ್ಲಿ ರಚಿಸಲೇ ಇಲ್ಲ.

ಹಾಗಾಗಿ ಹಾಡಲು ಕಲಿಯುವವರಿಗೆ, ಅದರಲ್ಲೂ ದೊಡ್ಡ ವಯಸ್ಸಿನಲ್ಲಿ ಕಲಿಯಲು ಆರಂಭಿಸಿದವರಿಗೆ, ನಾನು ಮೊದಲು ಹೇಳುವ ಹೆಸರು ತ್ಯಾಗರಾಜರದೇ. ಸಂಗತಿಗಳು ತಾವೇ ಪಾಠ ಮಾಡುತ್ತವೆ. ಕಂಠ ಎಷ್ಟು ಸಾಗುತ್ತದೆಯೋ ಅಷ್ಟು ಹಾಡಿ ನಿಲ್ಲಬಹುದು, ಹಾಡು ಕೆಡುವುದಿಲ್ಲ. ಅವರ ರಚನೆಗಳಲ್ಲಿ ಎಲ್ಲ ಹಂತದವರಿಗೂ ಜಾಗವಿದೆ. ಸಹಾನದ ‘ವಂದನಮು ರಘುನಂದನ’ದಂಥ ದಿವ್ಯನಾಮ ಕೀರ್ತನೆಗಳು, ಕುರಂಜಿಯ ‘ಸೀತಾಕಲ್ಯಾಣ ವೈಭೋಗಮೇ’ಯಂಥ ಉತ್ಸವ ಸಂಪ್ರದಾಯ ಕೀರ್ತನೆಗಳು ನಾಲ್ಕಾರು ಜನ ಕೂಡಿ ಹಾಡಲೆಂದೇ ಇರುವಂಥವು. ಅಲ್ಲಿಂದ ಆರಂಭಿಸಿ, ನಂತರ ಮಧ್ಯಮ ಗಾತ್ರದ ಕೃತಿಗಳಿಗೆ ಬನ್ನಿ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಘನರಾಗ ಪಂಚರತ್ನಗಳನ್ನು ಕೇಳುವುದಕ್ಕೆ ಅಡ್ಡಿಯಿಲ್ಲ, ಕಲಿಯುವುದಕ್ಕೆ ಮಾತ್ರ ಅವು ಮೊದಲ ಮೆಟ್ಟಿಲಲ್ಲ.

ಒಂದು ಎಚ್ಚರಿಕೆ. ತ್ಯಾಗರಾಜರ ಕೃತಿಗಳು ನಮಗೆ ಬಂದದ್ದು ವಾಲಾಜಾಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನಂ ಮುಂತಾದ ಶಿಷ್ಯಪರಂಪರೆಗಳ ಮೂಲಕ. ಪಾಠಾಂತರಗಳು, ಅಂದರೆ ಪ್ರತಿ ಪರಂಪರೆ ಕಲಿಸುವ ರೂಪಗಳು, ಬೇರೆ ಬೇರೆ. ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರಿಂದ ಕೇಳಿದಾಗ ಸಂಗತಿಗಳ ಸಂಖ್ಯೆಯೇ ಬೇರೆಯಾಗಿರಬಹುದು, ರಾಗದ ಹಿಡಿತವೂ ತುಸು ಬೇರೆಯಾಗಿರಬಹುದು. ಯಾವುದು ಸರಿ ಎಂದು ತಲೆಕೆಡಿಸಿಕೊಳ್ಳದೆ, ಕಲಿಯುವ ಕಾಲದಲ್ಲಿ ಒಂದೇ ಪಾಠಾಂತರಕ್ಕೆ ಅಂಟಿಕೊಳ್ಳಿ.

ತಿರುವೈಯಾರಿನ ಮಾತು ಬಂದಾಗ ಗಾಯಕಿ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಯ ಜಾಗದಲ್ಲಿ ತಮ್ಮ ಸ್ವಂತ ಸಂಪಾದನೆಯಿಂದ ಗುಡಿ ಕಟ್ಟಿಸಿದವರು ಅವರು. 1920ರ ದಶಕದಲ್ಲಿ ಅದರ ಪ್ರತಿಷ್ಠೆಯಾಯಿತು. ತ್ಯಾಗರಾಜರ ಪುಣ್ಯತಿಥಿಯ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿಲ್ಲದ ಕಾಲದಲ್ಲಿ ಅದಕ್ಕಾಗಿ ಹೋರಾಡಿದವರೂ ಅವರೇ. ಇಂದು ಸಾವಿರಾರು ಕಂಠಗಳು ಅಲ್ಲಿ ಒಟ್ಟಿಗೆ ಪಂಚರತ್ನ ಹಾಡುವಾಗ ಆ ಹಾಡುಗಾರಿಕೆಯಲ್ಲಿ ಅವರ ಪಾಲು ಸಣ್ಣದಲ್ಲ.

ದೀಕ್ಷಿತರು: ರಾಗವನ್ನು ಪೂರ್ತಿಯಾಗಿ ಕಾಣಬೇಕೆನ್ನುವವರಿಗೆ

ತ್ಯಾಗರಾಜರು ಒಂದೂರಿನಲ್ಲಿ ನೆಲೆನಿಂತರೆ ದೀಕ್ಷಿತರು ಸಂಚಾರಿ. ಯೌವನದ ಕೆಲವು ವರ್ಷಗಳನ್ನು ಚಿದಂಬರನಾಥ ಯೋಗಿಗಳ ಜೊತೆ ಕಾಶಿಯಲ್ಲಿ ಕಳೆದರು. ಮರಳಿ ಬಂದ ಮೇಲೆ ತಿರುತ್ತಣಿಯಲ್ಲಿ ಮೊದಲ ಕೃತಿ, ಮಾಯಾಮಾಳವಗೌಳದ ‘ಶ್ರೀನಾಥಾದಿ ಗುರುಗುಹೋ’, ಮೂಡಿತೆಂದು ಪ್ರತೀತಿ. ರಚನೆಯೊಳಗೆ ತಮ್ಮ ಗುರುತಾಗಿ ಇಡುವ ‘ಗುರುಗುಹ’ ಎಂಬ ಅವರ ಮುದ್ರೆಯೂ ಅಲ್ಲಿಂದಲೇ. ಆಮೇಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದರು, ಹೋದಲ್ಲೆಲ್ಲ ಆ ಗುಡಿಯ ದೇವತೆ, ತೀರ್ಥ, ಮಂತ್ರ, ಸ್ಥಳಪುರಾಣಗಳನ್ನು ಕೃತಿಯಲ್ಲಿ ಸೇರಿಸಿದರು. 1835ರ ದೀಪಾವಳಿಯಂದು ಎಟ್ಟಯಪುರದಲ್ಲಿ ತೀರಿಕೊಂಡರು.

ಅವರು ವೈಣಿಕರು. ಭೈರವಿಯ ‘ಬಾಲಗೋಪಾಲ’ದಲ್ಲಿ ತಮ್ಮನ್ನು ‘ವೈಣಿಕ ಗಾಯಕ ಗುರುಗುಹ’ ಎಂದೇ ಕರೆದುಕೊಂಡಿದ್ದಾರೆ. ವೀಣೆಯ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ಆ ನಿಧಾನ ಅವರ ಚೌಕಕಾಲದ, ಅಂದರೆ ನಿಧಾನಗತಿಯ, ಕೃತಿಗಳ ಪ್ರಾಣ. ಸಂಗತಿಗಳ ಮೇಲೆ ಅವರು ಕೃತಿಯನ್ನು ನಿಲ್ಲಿಸುವುದಿಲ್ಲ. ಪಲ್ಲವಿಯ ಮೊದಲ ಆವರ್ತದಲ್ಲಿಯೇ ರಾಗದ ಮುಖ ಕಾಣಿಸಿ, ಅಲ್ಲಿಂದ ಮುಂದೆ ಆ ರಾಗದ ಒಂದೊಂದೇ ಮೂಲೆಗೆ ಕರೆದೊಯ್ಯುತ್ತಾರೆ. ಕೊನೆಯಲ್ಲಿ ಮಧ್ಯಮಕಾಲ ಸಾಹಿತ್ಯ ಬಂದು ಅದೇ ರಾಗವನ್ನು ಇಮ್ಮಡಿ ವೇಗದಲ್ಲಿ ಒಮ್ಮೆ ಸುತ್ತಿಸಿ ನಿಲ್ಲಿಸುತ್ತದೆ. ಅನೇಕ ಕೃತಿಗಳಲ್ಲಿ ರಾಗದ ಹೆಸರೂ ಸಾಹಿತ್ಯದೊಳಗೇ ಅಡಗಿರುತ್ತದೆ.

ಕೃತಿಗಳನ್ನು ಗುಂಪುಗಳಾಗಿ ಕಟ್ಟುವುದರಲ್ಲಿ ಅವರಿಗೆ ಸಮಾನರಿಲ್ಲ. ತಿರುವಾರೂರಿನ ಕಮಲಾಂಬೆಯ ಮೇಲಿನ ನವಾವರಣ ಕೃತಿಗಳಲ್ಲಿ ಮೊದಲ ಎಂಟು ಆವರಣಗಳು ಪ್ರಥಮಾ ವಿಭಕ್ತಿಯಿಂದ ಸಂಬೋಧನೆಯವರೆಗೆ ಒಂದೊಂದು ವಿಭಕ್ತಿಯಲ್ಲಿ ನಡೆಯುತ್ತವೆ: ಆನಂದಭೈರವಿಯಲ್ಲಿ ‘ಕಮಲಾಂಬಾ’, ಕಲ್ಯಾಣಿಯಲ್ಲಿ ‘ಕಮಲಾಂಬಾಂ’, ಶಂಕರಾಭರಣದಲ್ಲಿ ‘ಕಮಲಾಂಬಿಕಯಾ’, ಹೀಗೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಉರುಹೊಡೆದ ನಮಗೆ ಇದು ಕೇಳುತ್ತಿದ್ದಂತೆ ಗುರುತು ಸಿಗುವ ವಿನ್ಯಾಸ. ವಾರದ ಏಳು ಗ್ರಹಗಳ ಮೇಲಿನ ಕೃತಿಗಳು ಏಳು ಸೂಳಾದಿ ತಾಳಗಳಲ್ಲಿವೆ. ಸೂರ್ಯನಿಗೆ ಸೌರಾಷ್ಟ್ರ ರಾಗ, ಧ್ರುವ ತಾಳ. ಚಂದ್ರನಿಗೆ ಅಸಾವೇರಿ, ಮಠ್ಯ. ಹೀಗೆ ಸಾಗಿ ಶನಿವಾರದ ‘ದಿವಾಕರತನುಜಂ’ ಯದುಕುಲಕಾಂಬೋಧಿಯ ಏಕತಾಳಕ್ಕೆ ಬಂದು ನಿಲ್ಲುತ್ತದೆ. ಅಲಂಕಾರಗಳೆಂಬ ಆರಂಭದ ಅಭ್ಯಾಸಗಳಲ್ಲಿ ಕಲಿತ ತಾಳಗಳು ದೊಡ್ಡ ಸಂಗೀತವಾಗಿ ಬರುವುದನ್ನು ಕಾಣಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಯಾರಿಗೆ ದೀಕ್ಷಿತರು? ವೀಣೆ ಕಲಿಯುವವರಿಗೆ ಹಿಂದೆಮುಂದೆ ನೋಡದೆ ಅವರನ್ನೇ ಹೇಳುತ್ತೇನೆ. ಸಂಸ್ಕೃತ ಸ್ವಲ್ಪ ಬಲ್ಲವರಿಗೆ ಸಾಹಿತ್ಯ ಅರ್ಧ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕನ್ನಡದ ಓದುಗರಿಗೆ ತತ್ಸಮ ಪದಗಳ ಪರಿಚಯವಿದ್ದೇ ಇರುವುದರಿಂದ ತೆಲುಗಿಗಿಂತ ಇದೇ ಹತ್ತಿರವಾದರೂ ಆಶ್ಚರ್ಯವಿಲ್ಲ. ಹಿಂದೂಸ್ತಾನಿಯ ವಿಲಂಬಿತ ಗಾಯನ ಕೇಳಿ ಬೆಳೆದವರಿಗೂ ಈ ನಿಧಾನ ಹೊಸದೆನಿಸುವುದಿಲ್ಲ. ಆದರೆ ಬಿಡುವು ಬೇಕು. ಹತ್ತು ನಿಮಿಷದ ಕೃತಿಯನ್ನು ಬೇರೆ ಕೆಲಸ ಮಾಡುತ್ತ ಕೇಳಿದರೆ ಕೈಗೆ ಏನೂ ಹತ್ತುವುದಿಲ್ಲ.

ಸುಲಭದ ದಾರಿ ಬೇಕೆಂದು ಕೆಲವರು ನೊಟ್ಟುಸ್ವರಗಳನ್ನು ಹಿಡಿಯುತ್ತಾರೆ. ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ದೀಕ್ಷಿತರು ಬರೆದ ಸಂಸ್ಕೃತ ಸಾಹಿತ್ಯ ಅವು. ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಜಗೀತೆಯ ಧಾಟಿಯಲ್ಲಿದೆ. ಮಕ್ಕಳಿಗೆ ಕಲಿಸಲು ಅವು ಚೆನ್ನ, ಸ್ವರವನ್ನು ಅಲುಗಿಸುವ ಗಮಕದ ಕಷ್ಟವಿಲ್ಲ. ಆದರೆ ಅವುಗಳಿಂದ ದೀಕ್ಷಿತರ ಪರಿಚಯವಾಯಿತೆಂದು ತಿಳಿಯಬಾರದು. ಹಂಸಧ್ವನಿಯ ‘ವಾತಾಪಿ ಗಣಪತಿಂ’ ಕೂಡ, ಕಚೇರಿಗಳಲ್ಲಿ ಕೇಳುವ ಸಂಗತಿಭರಿತ ರೂಪದಲ್ಲಿ, ಅವರ ಸಹಜ ಶೈಲಿಗಿಂತ ದೂರವಿದೆ. ಬಾಲಗೋಪಾಲದಿಂದಲೇ ಆರಂಭಿಸಿ.

ದೀಕ್ಷಿತರ ವಿಷಯದಲ್ಲಿ ಒಂದು ಅನುಕೂಲವಿದೆ. ಅವರ ಮನೆತನದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಇನ್ನೂರಕ್ಕೂ ಹೆಚ್ಚು ಕೃತಿಗಳು ಗಮಕ ಚಿಹ್ನೆಗಳ ಸಮೇತ ಸ್ವರಲಿಪಿಯಲ್ಲಿವೆ. ಇಂದಿನ ಹಾಡುಗಾರಿಕೆಗೂ ಅಲ್ಲಿನ ಪಾಠಕ್ಕೂ ವ್ಯತ್ಯಾಸವಿರುವ ಕಡೆಗಳು ಉಂಟು, ಆದರೂ ಕೈಯಲ್ಲೊಂದು ಆಧಾರವಿರುವುದು ಶ್ರದ್ಧೆಯಿಂದ ಕಲಿಯುವವರಿಗೆ ದೊಡ್ಡ ಬಲ.

ಶ್ಯಾಮಾಶಾಸ್ತ್ರಿಗಳು: ಕಡಿಮೆ ಕೃತಿ, ಆಳವಾದ ಕೆಲಸ

ಮೂವರಲ್ಲಿ ಹಿರಿಯರು ಇವರು, ಕೇಳುಗರ ಗಮನ ಕಡಿಮೆ ಬೀಳುವುದೂ ಇವರ ಮೇಲೆಯೇ. ತಂಜಾವೂರಿನ ಬಂಗಾರು ಕಾಮಾಕ್ಷಿಯ ಅರ್ಚಕರು. ಪೂಜೆ, ಮನೆ, ಸಂಗೀತ ಇಷ್ಟರಲ್ಲಿಯೇ ಬದುಕು ಸಾಗಿ 1827ರಲ್ಲಿ ಮುಗಿಯಿತು. ಉಳಿದಿರುವ ರಚನೆಗಳು ಅರವತ್ತು ಎಪ್ಪತ್ತರ ಆಸುಪಾಸು. ಬಹುತೇಕ ಎಲ್ಲವೂ ತಾಯಿಯನ್ನು ಕರೆಯುವ ಮಗುವಿನ ದನಿಯವು. ‘ಶ್ಯಾಮಕೃಷ್ಣ’ ಎಂಬ ಮುದ್ರೆಯಿಂದ ಗುರುತಿಸಬಹುದು. ಆ ಸಾಹಿತ್ಯದಲ್ಲಿ ಪಾಂಡಿತ್ಯದ ಪ್ರದರ್ಶನ ಇಲ್ಲ, ‘ಅಮ್ಮಾ, ನನ್ನನ್ನು ಕಾಪಾಡು’ ಎಂಬ ಒಂದೇ ಮಾತು ಹಲವು ರಾಗಗಳಲ್ಲಿ ಬರುತ್ತದೆ. ಅವರ ಪಾಂಡಿತ್ಯವೆಲ್ಲ ಇರುವುದು ಲಯದಲ್ಲಿ.

ಮಿಶ್ರಚಾಪು ತಾಳವನ್ನು ಅವರು ಬಳಸುವ ಬಗೆ ನೋಡಿ. ಏಳು ಮಾತ್ರೆಗಳನ್ನು ಮೂರು ನಾಲ್ಕು ಎಂದು ಒಡೆಯುವುದು ವಾಡಿಕೆ. ಅವರು ನಾಲ್ಕು ಮೂರು ಎಂದು ತಿರುಗಿಸಿ ವಿಲೋಮಚಾಪು ಮಾಡುತ್ತಾರೆ, ಹಾಡಿನ ಎತ್ತುಗಡೆ (ಸಾಲಿನ ಆರಂಭ) ತಾಳದ ಮೇಲೆ ಬೇರೆಯದೇ ಜಾಗದಲ್ಲಿ ಬಂದು ಕೂರುತ್ತದೆ. ಇದು ಲೆಕ್ಕದ ಚಮತ್ಕಾರವಾಗಿ ಕೇಳಿಸುವುದಿಲ್ಲ, ತುಸು ತಡವರಿಸುವ ಭಾವವಾಗಿ ಕೇಳಿಸುತ್ತದೆ. ಬೇಡುವವನ ಮಾತು ಹಾಗೆಯೇ ಅಲ್ಲವೇ ಬರುವುದು?

ಅವರ ಮೂರು ಸ್ವರಜತಿಗಳು, ತೋಡಿ, ಯದುಕುಲಕಾಂಬೋಧಿ ಮತ್ತು ಭೈರವಿಯವು, ನನ್ನ ಮಟ್ಟಿಗೆ ತ್ರಿಮೂರ್ತಿಗಳ ಎಲ್ಲ ರಚನೆಗಳಲ್ಲಿ ಕಲಿಯುವವರಿಗೆ ಅತ್ಯಂತ ಬೆಲೆಬಾಳುವಂಥವು. ಭೈರವಿಯದನ್ನೇ ಹತ್ತಿರದಿಂದ ನೋಡೋಣ. ‘ಕಾಮಾಕ್ಷಿ ಅನುದಿನಮು’ ಎಂಬ ಪಲ್ಲವಿಯ ನಂತರ ಎಂಟು ಚರಣಗಳು. ಮೊದಲ ಚರಣ ಷಡ್ಜದಿಂದ ಎತ್ತುತ್ತದೆ, ಎರಡನೆಯದು ರಿಷಭದಿಂದ, ಮೂರನೆಯದು ಗಾಂಧಾರದಿಂದ. ಹೀಗೆ ಒಂದೊಂದೇ ಸ್ವರ ಏರುತ್ತ ಎಂಟನೆಯದು ತಾರಷಡ್ಜದಿಂದ ಎತ್ತುತ್ತದೆ. ಪ್ರತಿ ಚರಣದಲ್ಲೂ ಭೈರವಿಯನ್ನು ಬೇರೆ ಎತ್ತರದಿಂದ ನೋಡಿದಂತಾಗುತ್ತದೆ. ಗಾಂಧಾರದ ಚರಣದಲ್ಲಿ ಗಾಂಧಾರ ಹೇಗೆ ಅಲುಗಬೇಕು, ಧೈವತದ ಚರಣದಲ್ಲಿ ಆರೋಹಣದ ಚತುಶ್ರುತಿಯೂ ಅವರೋಹಣದ ಶುದ್ಧವೂ ಎಲ್ಲೆಲ್ಲಿ ಬರಬೇಕು ಎಂಬುದೆಲ್ಲ ಅಲ್ಲೇ ಇದೆ. ಇದೊಂದನ್ನು ಚೆನ್ನಾಗಿ ಕಲಿತವರಿಗೆ ಭೈರವಿಯ ಆಲಾಪನೆಗೆ ಬೇಕಾದ ಹಿಡಿಗಳೆಲ್ಲ ದೊರೆತಂತೆ. ಸ್ವರವನ್ನು ಹಾಡಿ, ಅದೇ ಧಾಟಿಗೆ ಸಾಹಿತ್ಯ ಹಾಡುವುದರಿಂದ ಸ್ವರಜ್ಞಾನವೂ ಗಟ್ಟಿಯಾಗುತ್ತದೆ.

ಮೃದಂಗ ಕಲಿಯುವವರು, ಭರತನಾಟ್ಯದವರು, ಈಗಾಗಲೇ ನಾಲ್ಕಾರು ವರ್ಷ ಕಲಿತು ಎಲ್ಲೋ ನಿಂತುಹೋದ ಗಾಯಕರು ಶ್ಯಾಮಾಶಾಸ್ತ್ರಿಗಳ ಬಳಿಗೆ ಹೋಗಲಿ. ಎಲ್ಲವನ್ನೂ ಕೇಳಿ ಮುಗಿಸಬಲ್ಲ ಏಕೈಕ ತ್ರಿಮೂರ್ತಿ ಇವರೇ ಎಂಬುದೂ ಒಂದು ಆಕರ್ಷಣೆ. ಆನಂದಭೈರವಿಯ ‘ಮರಿವೇರೆ ಗತಿ’, ‘ಓ ಜಗದಂಬಾ’, ‘ಹಿಮಾಚಲತನಯ’ ಮೂರನ್ನು ಒಂದಾದ ಮೇಲೊಂದು ಕೇಳಿದರೆ ಒಂದೇ ರಾಗದಲ್ಲಿ ಒಬ್ಬರೇ ಎಷ್ಟು ಬಗೆಯಾಗಿ ಮಾತಾಡಬಲ್ಲರು ಎಂಬುದು ತಿಳಿಯುತ್ತದೆ. ಬೊಬ್ಬಿಲಿ ಕೇಶವಯ್ಯನನ್ನು ತಾಳದ ಸ್ಪರ್ಧೆಯಲ್ಲಿ ಸೋಲಿಸಿದ ಕತೆಯಿಂದಲೇ ಅವರನ್ನು ಪರಿಚಯಿಸುವವರಿದ್ದಾರೆ. ಕತೆ ರೋಚಕ, ಆದರೆ ಅವರ ಸಂಗೀತದ ಗುಣ ಆ ಗೆಲುವಿನಲ್ಲಿಲ್ಲ.

ದಾಸರಿಂದಲೇ ಆರಂಭಿಸಬಾರದೇ?

ಖಂಡಿತ ಆರಂಭಿಸಬಹುದು. ವಾಸ್ತವದಲ್ಲಿ ಕಲಿಯುವವರೆಲ್ಲ ಪುರಂದರದಾಸರಿಂದಲೇ ಆರಂಭಿಸುತ್ತಾರೆ: ಮಾಯಾಮಾಳವಗೌಳದ ಸರಳೆ ವರಸೆ, ಜಂಟಿ ವರಸೆ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು, ಇವೆಲ್ಲ ಅವರ ಹೆಸರಿನಲ್ಲಿಯೇ ನಿಂತಿವೆ. ತ್ಯಾಗರಾಜರೂ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರಿಗೆ ನಮಿಸಿದ್ದಾರೆ. ಮಾತಿನ ಅರ್ಥ ಮೊದಲು ಮನಸ್ಸಿಗೆ ನಾಟಬೇಕು, ರಾಗ ಆಮೇಲೆ ಎನ್ನುವ ಕನ್ನಡಿಗರಿಗೆ ದೇವರನಾಮಗಳಿಗಿಂತ ನೇರವಾದ ದಾರಿ ಇನ್ನೊಂದಿಲ್ಲ.

ಆದರೆ ಹೋಲಿಕೆ ಮಾಡುವಾಗ ಒಂದು ವಿಷಯ ಮರೆಯಬಾರದು. ಹದಿನಾರನೆಯ ಶತಮಾನದ ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ಕಳೆದುಹೋಗಿವೆ. ಇಂದು ನಾವು ಕೇಳುವ ರಾಗಸಂಯೋಜನೆಗಳು ಈಚಿನವರದು. ಒಂದೇ ಪದವನ್ನು ಇಬ್ಬರು ಎರಡು ರಾಗಗಳಲ್ಲಿ ಹಾಡುವುದಕ್ಕೆ ಕಾರಣವೂ ಇದೇ. ದಾಸರಲ್ಲಿ ನೀವು ಕವಿಯನ್ನು ಕಾಣುತ್ತೀರಿ. ರಾಗ, ತಾಳ, ಮಾತು ಮೂರನ್ನೂ ಒಬ್ಬರೇ ಕೂಡಿಸಿ ಕಟ್ಟಿದ್ದನ್ನು ಅಭ್ಯಾಸ ಮಾಡಬೇಕೆಂದರೆ ತ್ರಿಮೂರ್ತಿಗಳ ಬಳಿಗೇ ಬರಬೇಕು.

ಮೈಸೂರಿನ ವಾಗ್ಗೇಯಕಾರರು, ಅಂದರೆ ಮಾತು ಧಾಟಿ ಎರಡನ್ನೂ ರಚಿಸಿದವರು, ಈ ನಡುವಿನ ಸೇತುವೆಯಂತೆ ಒದಗುತ್ತಾರೆ. ಮೈಸೂರು ವಾಸುದೇವಾಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಆ ಮೂಲಕ ತ್ಯಾಗರಾಜರ ಶಿಷ್ಯಪರಂಪರೆಯವರು. ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೇಳಿ ಇಷ್ಟಪಟ್ಟವರು ತ್ಯಾಗರಾಜರ ಕಡೆಗೆ ಸಲೀಸಾಗಿ ಹೋಗಬಹುದು. ಜಯಚಾಮರಾಜ ಒಡೆಯರ ಸಂಸ್ಕೃತ ಕೃತಿಗಳು ಹಿಡಿಸಿದರೆ ಮುಂದಿನ ನಿಲ್ದಾಣ ದೀಕ್ಷಿತರು. ಕನ್ನಡದಲ್ಲಿಯೇ ಕೃತಿಯ ಪೂರ್ಣ ರೂಪ ಬೇಕೆನ್ನುವವರು ಮುತ್ತಯ್ಯ ಭಾಗವತರು ಮೈಸೂರಿನ ಆಶ್ರಯದಲ್ಲಿ ಚಾಮುಂಡೇಶ್ವರಿಯ ಮೇಲೆ ರಚಿಸಿದ ಕೃತಿಗಳನ್ನು ಹುಡುಕಿ ಕೇಳಲಿ. ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಅವರದೇ. ತಮಿಳುನಾಡಿನಿಂದ ಬಂದ ವಿದ್ವಾಂಸರು ಕನ್ನಡದಲ್ಲಿ ಇಷ್ಟು ಬರೆದರೂ ಆ ಕೃತಿಗಳು ನಮ್ಮ ವೇದಿಕೆಗಳಲ್ಲಿ ಹೆಚ್ಚು ಕೇಳಿಬರದಿರುವುದು ನನಗೆ ನೋವಿನ ವಿಷಯ.

ತೀರ್ಮಾನಿಸಲು ಒಂದು ಸಂಜೆ

ಇಷ್ಟೆಲ್ಲ ಓದಿಯೂ ಯಾರನ್ನು ಆರಿಸಬೇಕೆಂದು ಗೊತ್ತಾಗದಿದ್ದರೆ ರಾಗವನ್ನು ಒಂದೇ ಇಟ್ಟುಕೊಂಡು ಮೂವರನ್ನೂ ಕೇಳಿ. ಭೈರವಿ ಇದಕ್ಕೆ ಹೇಳಿಮಾಡಿಸಿದ ರಾಗ. ತ್ಯಾಗರಾಜರ ‘ಕೊಲುವೈಯುನ್ನಾಡೆ’, ದೀಕ್ಷಿತರ ‘ಬಾಲಗೋಪಾಲ’, ಶ್ಯಾಮಾಶಾಸ್ತ್ರಿಗಳ ಸ್ವರಜತಿ. ಸಾಧ್ಯವಾದರೆ ಮೂರನ್ನೂ ಒಬ್ಬರೇ ಗಾಯಕರ ಕಂಠದಲ್ಲಿ ಕೇಳಿ. ಇಲ್ಲವಾದರೆ ಗಾಯಕರ ಶೈಲಿಯ ವ್ಯತ್ಯಾಸವನ್ನು ವಾಗ್ಗೇಯಕಾರರ ವ್ಯತ್ಯಾಸವೆಂದು ತಿಳಿಯುವ ಅಪಾಯವಿದೆ. ಆಲಾಪನೆ, ನೆರವಲ್, ಕಲ್ಪನಾಸ್ವರಗಳೆಂಬ ಸ್ಥಳದಲ್ಲೇ ಕಲ್ಪಿಸಿ ಹಾಡುವ ಭಾಗಗಳಿಲ್ಲದ ಸರಳ ನಿರೂಪಣೆಯನ್ನೇ ಆರಿಸಿ, ಈಗ ಬೇಕಾಗಿರುವುದು ಕೃತಿ ಮಾತ್ರ. ಮೊದಲನೆಯದರಲ್ಲಿ ಸಾಲುಗಳು ಬೆಳೆಯುವುದನ್ನು ಗಮನಿಸಿ, ಎರಡನೆಯದರಲ್ಲಿ ಸ್ವರಗಳ ನಡುವಿನ ಎಳೆತವನ್ನು, ಮೂರನೆಯದರಲ್ಲಿ ಕೈಯಲ್ಲಿ ತಾಳ ಹಾಕುತ್ತ ಎತ್ತುಗಡೆಗಳನ್ನು. ಮರುದಿನ ಅರಿವಿಲ್ಲದೆ ಯಾವುದರ ಸಾಲನ್ನು ಗುನುಗುತ್ತೀರೋ ಅವರ ಬಳಿಗೆ ಹೋಗಿ.

ಒಬ್ಬರೊಡನೆ ಕೆಲವು ತಿಂಗಳು ಕಳೆದ ಮೇಲೆ ಉಳಿದಿಬ್ಬರ ಪರಿಚಯವೂ ಸ್ವಲ್ಪ ಮಾಡಿಕೊಳ್ಳಿ. ಆಮೇಲೆ ಸುಬ್ಬರಾಯ ಶಾಸ್ತ್ರಿಗಳನ್ನು ಕೇಳಿ. ಶ್ಯಾಮಾಶಾಸ್ತ್ರಿಗಳ ಮಗನಾದ ಅವರಿಗೆ ತಂದೆಯ ಜೊತೆಗೆ ತ್ಯಾಗರಾಜರಿಂದಲೂ ದೀಕ್ಷಿತರಿಂದಲೂ ಶಿಕ್ಷಣ ದೊರೆಯಿತು. ಮೂವರ ಬಳಿಯೂ ಕಲಿಯುವ ಭಾಗ್ಯ ಇನ್ನಾರಿಗೆ ಸಿಕ್ಕೀತು! ರೀತಿಗೌಳದ ‘ಜನನಿ ನಿನ್ನುವಿನಾ’ ಅವರ ಕೃತಿ. ತಾಳ ಮಿಶ್ರಚಾಪು, ಜೊತೆಗೆ ಸ್ವರಸಾಹಿತ್ಯವೂ ಇದೆ. ಎರಡು ಮೂರು ಸಲ ಕೇಳಿ, ಆ ನಡಿಗೆಯಲ್ಲಿ ಯಾವ ಗುರುವಿನ ಪಾಲು ಎಲ್ಲಿದೆ ಎಂದು ನೀವೇ ಗುರುತು ಹಾಕಲು ನೋಡಿ.